ಶಿಖರಿಣಿಯಿಂದ ಸೀಕರಣೆಗೆ

ವಾಚಕರೆ, ಬಾಳೆಹಣ್ಣಿನ ಸೀಕರಣೆಯನ್ನು ನೀವೆಲ್ಲರೂ ಉಂಡಿರುತ್ತೀರಿ. ಆ ಹೆಸರಿನ ವಯಸ್ಸೆಷ್ಟೆಂದು ಎಂದಾದರೂ ಕೇಳಿದ್ದೀರಾ?

'ಸೀಕರಣೆ' ಸಂಸ್ಕೃತದ 'ಶಿಖರಿಣಿ'ಯ ತದ್ಭವ. 17 ಅಕ್ಷರಗಳ ವೃತ್ತವೊಂದಕ್ಕೂ ಅದೇ ಹೆಸರು. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ವೃತ್ತವನ್ನು ಮರೆತರೂ ಸೀಕರಣೆಯನ್ನು ಮರೆಯುವುದಿಲ್ಲ. ಹಳೆಯ ಪಾಕಶಾಸ್ತ್ರದ ಶಿಖರಿಣಿಗೆ ಮೊಸರೇ ಮೂಲ. ನೀರಿಳಿಸಿದ ಗಟ್ಟಿ ಮೊಸರಿಗೆ ಸಕ್ಕರೆ, ಏಲಕ್ಕಿ ಬೆರಸಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಆ ಪಾಕ ಶ್ರೀಖಂಡವಾಗಿ ಉಳಿಯಿತು. ಹೆಸರು ನಮ್ಮ ಹಣ್ಣಿನ ಬಟ್ಟಲಿಗೆ ಬಂದಿತು.

12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಊಟವನ್ನೂ ಅರಸನ ಭೋಗಗಳಲ್ಲಿ ಒಂದೆಂದು ಎಣಿಸಿದನು. ಸೀಕರಣೆಗಾದರೋ ಅರಮನೆಯೂ ಬೇಡ, ಬಾಣಸಿಗನೂ ಬೇಡ. ಕಳಿತ ಹಣ್ಣುಗಳನ್ನು ಕೈಯಿಂದಲೇ ಕಿವುಚಿ, ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿಪುಡಿ ಕೂಡಿಸಿದರೆ ಆಯಿತು, ಚಪಾತಿಯೊಡನೆ ಬಡಿಸಬಹುದು.

ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿ ಶಬರಿಯು ಶ್ರೀರಾಮನಿಗೆ ಹಣ್ಣಿತ್ತಳೆಂದು ಈ ಸೀಮೆಯ ಜನ ನಂಬುತ್ತಾರೆ. ಅತಿಥಿಗೆ ಹಣ್ಣೇ ಪರಮಾನ್ನವೆಂಬ ಭಾವ ಇಲ್ಲಿ ಹಳೆಯದು. ಈಗ ಮಕ್ಕಳು ಇದೇ ಬಟ್ಟಲನ್ನು 'ಫ್ರೂಟ್ ಸಲಾಡ್' ಎನ್ನತೊಡಗಿದ್ದಾರೆ. ಸವಿ ಹೋಗಲಾರದು, ಮಾತು ಹೋದೀತು. ಬಡಿಸುವಾಗ ಹೆಸರು ಹೇಳಿ ಬಡಿಸಿರಿ.