ಮರೆಯಾಗುತ್ತಿರುವ ಹಡಗು, ಬಂಡಿಗಳ ಹೆಸರುಗಳು

ಕಡಲ ದಡದಲ್ಲಿ ನೆಲೆಸಿರುವ ಚೆನ್ನೈ ಕನ್ನಡಿಗರಾದ ನಮಗೆ ಹಡಗು ಹೊಸದೇನಲ್ಲ. ಆದರೆ ನಮ್ಮ ಮಕ್ಕಳ ಬಾಯಲ್ಲಿ ನೀರಿನ ಮೇಲೆ ಸಾಗುವುದೆಲ್ಲವೂ ‘ಬೋಟು’, ನೆಲದ ಮೇಲೆ ಉರುಳುವುದೆಲ್ಲವೂ ‘ಗಾಡಿ’. ಒಂದೊಂದು ಬಗೆಯ ವಾಹನಕ್ಕೂ ಕನ್ನಡದಲ್ಲಿ ಒಂದೊಂದು ಹೆಸರಿತ್ತು. ವಾಹನಗಳೊಡನೆ ಹೆಸರುಗಳೂ ಮರೆಯಾಗುತ್ತಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಜಲವಾಹನಗಳು

ಪಡಗು: ಹಡಗಿನ ಹಳಗನ್ನಡ ರೂಪ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಡಗು ಹಡಗಾಯಿತು. ತಮಿಳಿನಲ್ಲಿ ಈ ಪದ ಇಂದಿಗೂ ದೋಣಿ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಮರೀನಾ ತೀರದಲ್ಲಿ ನಾವು ನಿತ್ಯ ಕೇಳುವ ಈ ಮಾತು ನಮ್ಮ ಹಳೆಯ ನುಡಿಯೂ ಹೌದು.

ಬೈತ್ರ: ಸಂಸ್ಕೃತದ ‘ವಹಿತ್ರ’ದ ತದ್ಭವ. ಹಳೆಯ ಕಾವ್ಯಗಳಲ್ಲಿ ಹಡಗು ಎಂಬ ಅರ್ಥದಲ್ಲಿ ಬರುತ್ತದೆ. ಆಡುಮಾತಿನಲ್ಲಿ ಇಂದು ಉಳಿದಿಲ್ಲ.

ಹರಿಗೋಲು: ಬಿದಿರಿನಿಂದ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂಥ ಈ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನರು ತುಂಗಭದ್ರೆಯನ್ನು ದಾಟುತ್ತಿದ್ದರೆಂದು ಬರೆದಿದ್ದಾನೆ. ಹೊಗೇನಕಲ್ಲಿನಲ್ಲಿ ತಮಿಳರು ‘ಪರಿಸಲ್’ ಎನ್ನುವುದು ಇದನ್ನೇ.

ಪತ್ತೇಮಾರಿ, ಮಂಜಿ, ಮಚವೆ: ಪಡುವಣ ಕರಾವಳಿಯ ಹಾಯಿ ಹಡಗು, ಸರಕು ದೋಣಿಗಳ ಹೆಸರುಗಳು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಂದಾಗಿ ಇವುಗಳಲ್ಲಿ ಒಂದು ಹೆಸರಾದರೂ ಬಳಕೆಯಲ್ಲಿ ಉಳಿದಿದೆ.

ಮಸೂಲಾ, ಕಟ್ಟುಮರ: ಇವು ನಮ್ಮ ಊರಿನವು. ಮದರಾಸಿಗೆ ಬಂದರು ಇಲ್ಲದ ಕಾಲದಲ್ಲಿ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಪ್ರಯಾಣಿಕರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮಸೂಲಾ ದೋಣಿ. ಇದರ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆಯ ಹೊಡೆತಕ್ಕೆ ಅದು ಬಾಗುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಇಂಗ್ಲಿಷಿನ ‘ಕ್ಯಾಟಮರಾನ್’ ಪದಕ್ಕೆ ಮೂಲವಾದ ತಮಿಳಿನ ‘ಕಟ್ಟುಮರಂ’ ಎಂಬುದರ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ವಾಹನಗಳು

ಅಂದಣ, ದಂಡಿಗೆ, ಮೇನೆ: ಮೂರೂ ಹೆಗಲ ಮೇಲೆ ಹೊರುವ ವಾಹನಗಳು. ಮೊದಲೆರಡು ಹಳೆಯ ಗ್ರಂಥಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಮೇನೆ ಎಂದರೆ ಮುಚ್ಚಿದ ಪಲ್ಲಕ್ಕಿ. ಇಂದು ಸಾಮಾನ್ಯ ಬಳಕೆಯಲ್ಲಿ ಉಳಿದಿರುವುದು ‘ಪಲ್ಲಕ್ಕಿ’ಯೊಂದೇ, ಅದೂ ಬಹುಮಟ್ಟಿಗೆ ದೇವರ ಉತ್ಸವಕ್ಕೆ.

ಚಕ್ಕಡಿ, ಕಮಾನುಗಾಡಿ: ಚಕ್ಕಡಿ ಉತ್ತರ ಕರ್ನಾಟಕದ ಎತ್ತಿನ ಬಂಡಿ. ಬಿದಿರಿನ ಕಮಾನು ಕಟ್ಟಿ ಮೇಲೆ ಚಾಪೆ ಹೊದಿಸಿದರೆ ಅದು ಕಮಾನುಗಾಡಿ.

ಜಟಕಾ, ಸಾರೋಟು: ಜಟಕಾ ಬಾಡಿಗೆಯ ಕುದುರೆಗಾಡಿ, ಮದರಾಸಿನಲ್ಲೂ ಮೈಸೂರು ಸೀಮೆಯಲ್ಲೂ ಒಂದೇ ಹೆಸರು. ಸಾರೋಟು ಸಿರಿವಂತರ, ಅರಮನೆಯ ಗಾಡಿ. ರಸ್ತೆಯಿಂದ ಜಟಕಾ ಮರೆಯಾದರೂ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ (1943) ಬದುಕನ್ನು ಅದಕ್ಕೆ ಹೋಲಿಸಿದ್ದರಿಂದ ಪದ ಮಾತ್ರ ಕನ್ನಡಿಗರ ನಾಲಗೆಯಲ್ಲಿ ಉಳಿಯಿತು.

ಪದಗಳನ್ನು ಉಳಿಸಿದವರು

ಇಂಥ ಅನೇಕ ಪದಗಳು ನಮಗೆ ದೊರೆಯುವುದು ರೆವರೆಂಡ್ ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿ. ಅದನ್ನು ಪರಿಷ್ಕರಿಸಿ ವಿಸ್ತರಿಸಿದವರು ಪ್ರೊ. ಎಂ. ಮರಿಯಪ್ಪ ಭಟ್ಟರು. 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿದ್ದು ನಮ್ಮ ಮದರಾಸು ವಿಶ್ವವಿದ್ಯಾಲಯ. ಈ ನಗರದ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯಿದು.

ಆದರೆ ನಿಘಂಟು ಕೊಡುವುದು ಅರ್ಥವನ್ನು ಮಾತ್ರ. ಕಮಾನುಗಾಡಿಯಲ್ಲಿ ತವರಿಗೆ ಹೋದವರು, ಹರಿಗೋಲಿನಲ್ಲಿ ಹೊಳೆ ದಾಟಿದವರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರು ಬಳಸುತ್ತಿದ್ದ ಹೆಸರುಗಳನ್ನು ಕೇಳಿ, ಬರೆದಿಟ್ಟು, ಮಕ್ಕಳಿಗೆ ತಿಳಿಸಬೇಕೆಂದು ಓದುಗರಲ್ಲಿ ಕೋರುತ್ತೇವೆ.