ಟ್ರಾನ್ಸೀವರ್ ಹೊಂದಾಣಿಕೆಯ ಕಾಲು ಶತಮಾನ

ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳನ್ನು ಒಂದೇ ಜಾಲದಲ್ಲಿ ಸೇರಿಸಿದರೆ ಆಪ್ಟಿಕಲ್ ಟ್ರಾನ್ಸೀವರ್‌ಗಳು ಕೈಕೊಡುತ್ತವೆ, ಆದ್ದರಿಂದ ಎಲ್ಲವನ್ನೂ ಒಬ್ಬರಿಂದಲೇ ಕೊಳ್ಳಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಪುಣೆಯಂಥ ಊರಿಗೆ ಈ ಸಲಹೆ ದುಬಾರಿ. ಸಿ-ಡ್ಯಾಕ್, ಐಯುಕಾ, ಎನ್‌ಸಿಆರ್‌ಎ, ಐಸರ್, ಎನ್‌ಐಸಿಯ ರಾಷ್ಟ್ರೀಯ ಡೇಟಾ ಸೆಂಟರ್ ಇವೆಲ್ಲ ಅಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಗಳು. ಟೆಂಡರ್ ಕರೆದು ಹಂತಹಂತವಾಗಿ ಕೊಳ್ಳುವ ಕಡೆ ಪ್ರತಿಸಲವೂ ಒಂದೇ ಕಂಪನಿ ಗೆಲ್ಲಬೇಕೆಂದಿಲ್ಲ. ಬೆರಕೆ ಜಾಲವೇ ಸಹಜ. ಹಾಗಾಗಿ ‘ಹೊಂದುವುದಿಲ್ಲ’ ಎಂಬ ಮಾತಿನಲ್ಲಿ ಭೌತಶಾಸ್ತ್ರ ಎಷ್ಟು, ವ್ಯಾಪಾರ ಎಷ್ಟು ಎಂದು ಬಿಡಿಸಿ ನೋಡಬೇಕಾಗಿದೆ.

ಟ್ರಾನ್ಸೀವರ್‌ಗಳ ಇತಿಹಾಸದ ಮೊದಲ ಘಟ್ಟವನ್ನು ಬೇಗ ದಾಟಬಹುದು. 1990ರ ದಶಕದ ನಡುವೆ ಜಿಬಿಕ್ ಎಂಬ ಕಳಚಿ ಹಾಕಬಹುದಾದ ಟ್ರಾನ್ಸೀವರ್ ಮಾಡ್ಯೂಲ್ ಬಂತು. 1998ರಲ್ಲಿ ಐಇಇಇ 802.3ಝಡ್ ಮಾನಕ ಗಿಗಾಬಿಟ್ ಈಥರ್ನೆಟ್‌ನ ತರಂಗಾಂತರ, ಬೆಳಕಿನ ಶಕ್ತಿ, ದೂರಗಳನ್ನು ಗೊತ್ತುಮಾಡಿತು. 2000ದಲ್ಲಿ ಪೈಪೋಟಿಯ ಕಂಪನಿಗಳೇ ಕೂಡಿ ಎಸ್‌ಎಫ್‌ಪಿ ಎಂಬ ಇನ್ನೂ ಚಿಕ್ಕ ಮಾಡ್ಯೂಲಿನ ಒಪ್ಪಂದಕ್ಕೆ ಬಂದವು. ಹತ್ತು ಗಿಗಾಬಿಟ್‌ಗೆ ಝೆನ್‌ಪ್ಯಾಕ್, ಎಕ್ಸ್2, ಎಕ್ಸ್‌ಎಫ್‌ಪಿ ಮಾಡ್ಯೂಲುಗಳು ಬಂದು ಹೋದವು. ಎಸ್‌ಎಫ್‌ಪಿ ಒಪ್ಪಂದವು ಮಾಡ್ಯೂಲಿನ ಅಳತೆ, ಪಿನ್ನುಗಳು, ಒಳಗಿನ ಮೆಮೊರಿಯ ಸಾಲುಗಳನ್ನು ಏಕರೂಪಗೊಳಿಸಿತಾದರೂ 96ರಿಂದ 127ರವರೆಗಿನ ಬೈಟ್‌ಗಳನ್ನು ತಯಾರಕರ ಇಷ್ಟಕ್ಕೆ ಬಿಟ್ಟಿತು. ಅನ್ಯ ಕಂಪನಿಯ ಮಾಡ್ಯೂಲನ್ನು ಸ್ವಿಚ್ ತಿರಸ್ಕರಿಸುವಂತೆ ಬೀಗ ಬಿದ್ದದ್ದು ಅಲ್ಲಿ, ಮತ್ತು ತಯಾರಕರ ಹೆಸರು ಬರೆಯುವ 20ರಿಂದ 35ರವರೆಗಿನ ಬೈಟ್‌ಗಳಲ್ಲಿ.

2006ರ ನಂತರ ಎಸ್‌ಎಫ್‌ಪಿ ಪ್ಲಸ್ ಹರಡಿದ ಮೇಲೆ ಹತ್ತು ಗಿಗಾಬಿಟ್ ಜಾಲ ಕಟ್ಟಿದ ಪೀಳಿಗೆ ಈ ಬೀಗವನ್ನು ದಿನನಿತ್ಯ ಎದುರಿಸಿತು. ಬೆರಕೆ ಜಾಲವನ್ನು ಹೊಂದಿಸುವ ವಿದ್ಯೆಯನ್ನು ನಿಜವಾಗಿ ಬೆಳೆಸಿದ್ದೂ ಅದೇ ಪೀಳಿಗೆ. ಅದರ ದಾರಿ ಸರಳ: ಲೇಬಲ್ ಬಿಟ್ಟು ಬೆಳಕನ್ನು ಅಳೆಯುವುದು. 10 ಕಿ.ಮೀ. ದೂರದ ಎಲ್‌ಆರ್ ಮಾಡ್ಯೂಲ್ 1310 ನ್ಯಾನೋಮೀಟರಿನಲ್ಲಿ ಕನಿಷ್ಠ ಮೈನಸ್ 8.2 ಡಿಬಿಎಂ ಕಳಿಸಬೇಕು, ಮೈನಸ್ 14.4ರವರೆಗೆ ಗ್ರಹಿಸಬೇಕು; ಎರಡೂ ತುದಿಗಳು ಈ ಲೆಕ್ಕಕ್ಕೆ ಸಿಕ್ಕರೆ ಸ್ವಿಚ್ ಯಾರದಾದರೇನು? ಅದೇ ಲೆಕ್ಕ ತಪ್ಪಿದರೆ ಒಂದೇ ಬ್ರ್ಯಾಂಡಿನ ಜೋಡಿಯೂ ಕೆಡುತ್ತದೆ. 40 ಕಿ.ಮೀ.ಗೆಂದು ಮಾಡಿದ ಇಆರ್ ಮಾಡ್ಯೂಲುಗಳನ್ನು ಪಕ್ಕದ ಕಟ್ಟಡಕ್ಕೆ ಅಟೆನ್ಯುಯೇಟರ್ ಇಲ್ಲದೆ ಜೋಡಿಸಿದರೆ ಅತಿಬೆಳಕಿನಿಂದ ರಿಸೀವರ್ ತತ್ತರಿಸುತ್ತದೆ. ಪುಣೆಗೆ ಈ ಲೆಕ್ಕ ಹೊಸದೇನಲ್ಲ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಎನ್‌ಸಿಆರ್‌ಎಯ ಜಿಎಂಆರ್‌ಟಿ ದೂರದರ್ಶಕದ 30 ಡಿಶ್‌ಗಳು ಸುಮಾರು 25 ಕಿ.ಮೀ. ಹರವಿನಲ್ಲಿದ್ದು, ಪ್ರತಿಯೊಂದೂ ಕೇಂದ್ರ ಕಟ್ಟಡಕ್ಕೆ ಫೈಬರಿನಿಂದಲೇ ಜೋಡಿಸಲ್ಪಟ್ಟಿದೆ. ಅಂಥಲ್ಲಿ ಬೆಳಕಿನ ಜಮಾಖರ್ಚು ಬಿಟ್ಟು ಬೇರೇನನ್ನೂ ನಂಬಲಾಗದು.

ಬೀಗ ಬೆಳಕಿನದಲ್ಲ ಎಂಬುದಕ್ಕೆ ಸಾಕ್ಷಿ ತಯಾರಕರ ಸಾಫ್ಟ್‌ವೇರಿನಲ್ಲೇ ಇದೆ. ಸಿಸ್ಕೋ ಸ್ವಿಚ್ ತಿರಸ್ಕರಿಸಿದ ಮಾಡ್ಯೂಲು ‘ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಎಂಬ ಒಂದು ಆದೇಶ ಕೊಟ್ಟ ಮೇಲೆ ಎಷ್ಟೋ ಸಲ ಅದೇ ಪೋರ್ಟಿನಲ್ಲಿ ಕೆಲಸ ಮಾಡುತ್ತದೆ. ಕಳಪೆ ಮಾಲು ತಡೆಯಲು ಬೀಗ ಬೇಕು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ನಕಲಿ ಮಾಡ್ಯೂಲುಗಳು ನಿಜಕ್ಕೂ ಇವೆ, ಬಿಸಿಯಾಗಿ ಕೆಡುತ್ತವೆ. ಆದರೆ ನಕಲು ಮಾಡುವವನು ಮೊದಲು ನಕಲಿಸುವುದು ಆ ಬೈಟ್‌ಗಳನ್ನೇ. ಗುಣಮಟ್ಟ ತಿಳಿಯಲು ಎಸ್‌ಎಫ್‌ಎಫ್-8472 ಮಾನಕ ತಾಪಮಾನ, ವೋಲ್ಟೇಜ್, ಲೇಸರ್ ಕರೆಂಟ್, ಕಳಿಸಿದ ಮತ್ತು ಬಂದ ಬೆಳಕು ಎಂಬ ಐದು ಅಳತೆಗಳನ್ನು ಎಂದೋ ಕೊಟ್ಟಿದೆ. ದೊಡ್ಡ ಹೆಸರು ಹೊತ್ತ ಎಷ್ಟೋ ಮಾಡ್ಯೂಲುಗಳನ್ನು ತಯಾರಿಸಿದ್ದು ಫಿನಿಸಾರ್, ಸುಮಿಟೊಮೊದಂಥ ಬೇರೆ ಕಾರ್ಖಾನೆಗಳು ಎಂಬುದೂ ನೆನಪಿರಲಿ.

ಈ ಗದ್ದಲದಲ್ಲಿ ನಿಜವಾದ ಹೊಂದಾಣಿಕೆಯ ಸಮಸ್ಯೆ ಮರೆಗೆ ಸರಿದಿದೆ. 25 ಮತ್ತು 100 ಗಿಗಾಬಿಟ್‌ಗೆ ಬಂದ ಮೇಲೆ ದೋಷ ತಿದ್ದುವ ಎಫ್‌ಇಸಿ ಎರಡೂ ತುದಿಯಲ್ಲಿ ಒಂದೇ ಆಗಿರಬೇಕು. 100 ಗಿಗಾಬಿಟ್‌ನಲ್ಲಿ ಕಡಿಮೆ ದೂರದ ಎಸ್‌ಆರ್4ಗೆ ಅದು ಕಡ್ಡಾಯ, ಹೆಚ್ಚು ದೂರದ ಎಲ್‌ಆರ್4ಗೆ ಬೇಕಿಲ್ಲ; ಈ ಆಪ್ಟಿಕಲ್ ಲಿಂಕುಗಳಲ್ಲಿ ಸ್ವಿಚ್‌ಗಳು ತಾವೇ ಮಾತಾಡಿಕೊಂಡು ತೀರ್ಮಾನಿಸುವುದಿಲ್ಲ. ಒಂದರ ಡೀಫಾಲ್ಟ್ ಇನ್ನೊಂದಕ್ಕಿಂತ ಬೇರೆಯಾದರೆ ಬೆಳಕು ಸರಿಯಾಗಿ ಬರುತ್ತಿದ್ದರೂ ಲಿಂಕ್ ಏಳುವುದಿಲ್ಲ, ಆರೋಪ ಮಾತ್ರ ಮಾಡ್ಯೂಲಿನ ಮೇಲೆ. ಬಿಡಿ ಮಾಡ್ಯೂಲ್ ಕೊಂಡದ್ದೇ ತಪ್ಪು ಎಂಬ ತೀರ್ಮಾನ ಇಂಥ ಕಡೆ ಸುಲಭವಾಗಿ ಹುಟ್ಟುತ್ತದೆ. ಎರಡು ಸಾಲು ಸಂರಚನೆ ಬದಲಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಖರೀದಿಯನ್ನೇ ಒಬ್ಬ ತಯಾರಕನಿಗೆ ಒಪ್ಪಿಸಿದಂತಾಗುತ್ತದೆ.

ಬಿಡಿಭಾಗಗಳನ್ನು ಮುಚ್ಚಿಟ್ಟುಕೊಳ್ಳುವ ವ್ಯಾಪಾರವನ್ನು ನಮ್ಮ ಕಾನೂನು ಇನ್ನೊಂದು ರಂಗದಲ್ಲಿ ಪರಿಶೀಲಿಸಿದೆ. ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ ಕಾರಿನ ಬಿಡಿಭಾಗಗಳ ವಿಷಯದಲ್ಲಿ 14 ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಪುಣೆಯಲ್ಲಿ ಕಾರ್ಖಾನೆ ಇರುವ ಹೆಸರುಗಳೂ ಅದರಲ್ಲಿದ್ದವು. ಆ ತರ್ಕ ಜಾಲ ಸಲಕರಣೆಗೂ ಸಲ್ಲುತ್ತದೆ, ಕಾರು ಕೊಂಡವನಷ್ಟೇ ಸ್ವಿಚ್ ಕೊಂಡವನೂ ಸಿಕ್ಕಿಬಿದ್ದಿರುವುದರಿಂದ. ತೀರ್ಪಿಗೆ ಕಾಯದೆ ಮಾಡಬಹುದಾದದ್ದು ಟೆಂಡರಿನ ಭಾಷೆಯಲ್ಲೇ ಇದೆ. ‘ಸ್ವಿಚ್ ತಯಾರಕರದೇ ಟ್ರಾನ್ಸೀವರ್’ ಎಂಬ ಸಾಲಿನ ಬದಲು ಮಾನಕದ ಹೆಸರು, ಫೈಬರಿನ ಬಗೆ ಮತ್ತು ದೂರ, ಎರಡೂ ತುದಿಯ ಎಫ್‌ಇಸಿ ವಿಧಾನ, ಅನ್ಯ ಕಂಪನಿಯ ಸ್ವಿಚ್‌ನೊಡನೆ ಜೋಡಿಸಿ ತೋರಿಸುವ ಷರತ್ತು, ಹಸ್ತಾಂತರದ ದಿನ ಪ್ರತಿ ಪೋರ್ಟಿನ ಡಿಬಿಎಂ ದಾಖಲೆ ಇವುಗಳನ್ನು ಕೇಳಬೇಕು, ಸಿಕ್ಕ ಅಂಕಿಗಳನ್ನು ಪುಣೆಯ ಸಂಸ್ಥೆಗಳು ಪರಸ್ಪರ ಹಂಚಿಕೊಳ್ಳಬೇಕು.