ಸಂಬಳದ ಚೀಟಿಯಿಂದ ಶಿರಾಪುರದವರೆಗೆ

ಮುಂಬಯಿ, ಪುಣೆಗಳಲ್ಲಿ ನೌಕರಿ ಮಾಡುವ ಶ್ರೋತೃಗಳು ತಮ್ಮ ಸಂಬಳದ ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಹೆಚ್ಚಿನವರಿಗೆ ವೃತ್ತಿ ತೆರಿಗೆ ಎಂದು ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500 ಕಡಿತವಾಗಿರುತ್ತದೆ. ಸಣ್ಣ ಮೊತ್ತ, ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. 1975ರಲ್ಲಿ ಮಹಾರಾಷ್ಟ್ರ ಸರಕಾರ ಈ ತೆರಿಗೆ ಹಾಕಿದ್ದು ಹಳ್ಳಿಯ ಬಡವರಿಗೆ ಕೆಲಸ ಕೊಡುವುದಕ್ಕಾಗಿ. ಪಟ್ಟಣದವರಿಂದ ಎಷ್ಟು ಬರುತ್ತದೋ ಅಷ್ಟೇ ಹಣವನ್ನು ಸರಕಾರವೂ ತನ್ನ ಕಡೆಯಿಂದ ಹಾಕಬೇಕೆಂಬ ಏರ್ಪಾಟಿತ್ತು.

ಇದರ ಮೂಲ ಸಾಂಗಲಿ ಜಿಲ್ಲೆಯ ತಾಸಗಾಂವ್ ತಾಲೂಕಿನ ವಿಸಾಪುರದಲ್ಲಿದೆ. ರಾಜ್ಯ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಎಸ್. ಪಾಗೆ 1965ರಲ್ಲಿ ಅಲ್ಲಿ ಒಂದು ಸಣ್ಣ ಪ್ರಯೋಗ ನಡೆಸಿದರು: ಕೆಲಸ ಕೇಳಿದವರಿಗೆ ಕೆಲಸ. ಮುಂದೆ 1972-73ರ ಭೀಕರ ಬರ ಬಂತು. ಬಿಜಾಪುರ, ಗುಲ್ಬರ್ಗಾ ಕಡೆಯ ಹಿರಿಯರಿಗೂ ಆ ಬರದ ನೆನಪಿದೆ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರು ಸುಮಾರು 50 ಲಕ್ಷ ಜನ. ಬರ ಹೋಯಿತು, ಯೋಜನೆ ಉಳಿಯಿತು. ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂತು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡಬೇಕು ಎಂಬುದು ಅದರ ಜೀವಾಳ.

ಹಣ ಯಾರಿಗೆ ತಲುಪುತ್ತಿದೆ? ಈ ಪ್ರಶ್ನೆಗೆ ಮೊದಲ ಉತ್ತರ ಹುಡುಕಿದವರಲ್ಲಿ ಪುಣೆಯ ಗೋಖಲೆ ಸಂಸ್ಥೆಯ ಕುಮುದಿನಿ ದಾಂಡೇಕರ್ ಒಬ್ಬರು. ಮಾಧವ ಸಾಠೆ ಅವರೊಡನೆ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ಬರುವವರಲ್ಲಿ ಬಹುಪಾಲು ಕಡುಬಡವರೇ ಎಂದು ತೋರಿಸಿದರು. ಆಶ್ಚರ್ಯವೇನಿಲ್ಲ. ಉರಿಬಿಸಿಲಲ್ಲಿ ಕಲ್ಲು ಒಡೆಯಲು ಉಳ್ಳವರು ಬರುವುದಿಲ್ಲವಲ್ಲ!

ಆದರೆ ಅರ್ಥಶಾಸ್ತ್ರಜ್ಞರಿಗೆ ಇಷ್ಟು ಸಾಲದು. ಅವರದು ತುಸು ನಿಷ್ಠುರವಾದ ಪ್ರಶ್ನೆ. ಒಬ್ಬ ಹೆಂಗಸು ಸರಕಾರಿ ಕಾಮಗಾರಿಯಲ್ಲಿ ಮಣ್ಣು ಹೊತ್ತು ಹತ್ತು ರೂಪಾಯಿ ತಂದಳೆನ್ನಿ. ಅವಳಿಗಾದ ಲಾಭ ಹತ್ತು ರೂಪಾಯಿಯೇ? ಆ ದಿನ ಅವಳು ಬೇರೆಯವರ ಹೊಲದಲ್ಲಿ ಕಳೆ ಕೀಳಲು ಹೋಗಬಹುದಿತ್ತು, ಇಲ್ಲವೆ ಮನೆಯ ಎಮ್ಮೆಗೆ ಮೇವು ತರಬಹುದಿತ್ತು. ಬಿಟ್ಟುಕೊಟ್ಟ ಆ ಗಳಿಕೆಯನ್ನು ಕಳೆದ ಮೇಲೆ ಉಳಿದದ್ದೇ ನಿಜವಾದ ಲಾಭ. ಮಾತು ಸರಿ, ಆದರೆ ಮಾಡದೆ ಬಿಟ್ಟ ಕೆಲಸವನ್ನು ಅಳೆಯುವುದು ಹೇಗೆ?

ಉತ್ತರ ಸಿಕ್ಕಿದ್ದು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ. ಅಲ್ಲಿನ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಒಣಬೇಸಾಯದ ಕೆಲವು ಊರುಗಳಲ್ಲಿ ತನ್ನ ಜನರನ್ನು ಇರಿಸಿತ್ತು. ಸೊಲ್ಲಾಪುರ ಜಿಲ್ಲೆಯ ಶಿರಾಪುರ, ಅಕೋಲಾ ಜಿಲ್ಲೆಯ ಕಾಂಝರಾ ಅವುಗಳಲ್ಲಿ ಸೇರಿದ್ದವು. ಊರಿಗೆ 40 ಮನೆಗಳಂತೆ ಆರಿಸಿಕೊಂಡು, ಕೆಲವು ವಾರಗಳಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಯಾರು ಎಷ್ಟು ದಿನ ಎಲ್ಲಿ ದುಡಿದರು, ಎಷ್ಟು ದಿನ ಕೆಲಸವಿಲ್ಲದೆ ಕುಳಿತರು ಎಂದು ವರ್ಷಗಟ್ಟಲೆ ಬರೆದುಕೊಂಡರು. ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಕೆಲಸ ಇದೇ. ಸೂತ್ರಗಳು ಆಮೇಲಿನವು.

ಆ ದಾಖಲೆಗಳನ್ನು ಹಿಡಿದು ಗೌರವ್ ದತ್ತ ಮತ್ತು ಮಾರ್ಟಿನ್ ರವಾಲಿಯನ್ 1994ರಲ್ಲಿ ಲೆಕ್ಕ ಪ್ರಕಟಿಸಿದರು. ಬಿಟ್ಟುಕೊಟ್ಟ ಗಳಿಕೆ ಕೂಲಿಯ ಸುಮಾರು ಕಾಲು ಭಾಗ. ಅಂದರೆ ಹತ್ತು ರೂಪಾಯಿ ಕೂಲಿಯಲ್ಲಿ ಏಳೂವರೆಯಷ್ಟು ನಿಜಕ್ಕೂ ಹೊಸ ಆದಾಯ. ಈ ಕೆಲಸ ಇಲ್ಲದಿದ್ದರೆ ಅವರ ಬಹುಪಾಲು ದಿನಗಳಿಗೆ ಹೇಳಿಕೊಳ್ಳುವಂಥ ಗಳಿಕೆಯೇ ಇರುತ್ತಿರಲಿಲ್ಲ ಎಂದಾಯಿತು. ಬಡವರು ಇದ್ದ ಕೆಲಸ ಬಿಟ್ಟು ಸರಕಾರಿ ಕೂಲಿಗೆ ಓಡುತ್ತಾರೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇದೇ ಇಬ್ಬರು, ಶುಭಂ ಚೌಧುರಿ ಅವರೊಡನೆ, 1993ರಲ್ಲಿ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿದ್ದರು. 1988ರಲ್ಲಿ ಕನಿಷ್ಠ ಕೂಲಿ ಇಮ್ಮಡಿಯಾದಾಗ ಯೋಜನೆಯ ಕೂಲಿಯೂ ಏರಿತು. ಕೂಲಿ ಏರಿದರೆ ಕೆಲಸ ಕೇಳುವವರು ಹೆಚ್ಚಬೇಕು. ಆದರೆ ಹಾಜರಿ ಇಳಿಯಿತು! ಕೇಳಿದವರಿಗೆಲ್ಲ ಕೆಲಸ ಕೊಡುವುದನ್ನು ಆಡಳಿತ ಸದ್ದಿಲ್ಲದೆ ನಿಲ್ಲಿಸಿತ್ತು. ಕಾಯ್ದೆಯ ಒಂದಕ್ಷರವೂ ಬದಲಾಗದೆ ಖಾತರಿ ಸಡಿಲವಾಯಿತು. ಕೂಲಿ ಏರಿಸಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಏರಿಸಿದ ಕೂಲಿಗೆ ತಕ್ಕ ಹಣವನ್ನೂ ಇಡಬೇಕಿತ್ತು.

ಇನ್ನು ಆ ಬೆವರಿನಿಂದ ಆದ ಕೆಲಸದ ವಿಷಯ. ಜಿನುಗು ಕೆರೆ, ಹೊಲದ ಬದು, ಹಳ್ಳಕ್ಕೆ ಒಡ್ಡು, ಗಿಡ ನೆಡುವುದು ಇವೆಲ್ಲ ಮಣ್ಣು-ನೀರು ಉಳಿಸುವ ಕೆಲಸಗಳೇ. ಕೂಲಿಯ ಲೆಕ್ಕ ಅಂದಂದಿನದು, ಕೆರೆಯ ಲೆಕ್ಕ ಹತ್ತಾರು ವರ್ಷಗಳದು. ಕೆರೆ ಹೂಳು ತುಂಬಿ ಹಾಳಾದರೆ, ಹಣವನ್ನು ನೇರವಾಗಿ ಹಂಚಿದ್ದರೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಕೆರೆ ಉಳಿದು ನೀರು ಇಂಗಿದರೆ ಆ ನೀರು ಏರುವುದು ಕೆಳಗಿನ ಹೊಲಗಳ ಬಾವಿಗಳಲ್ಲಿ. ಬಾವಿ ಇರುವುದು ಹೊಲ ಇದ್ದವರಿಗೆ. ಕಟ್ಟೆಗೆ ಮಣ್ಣು ಹೊತ್ತ ಭೂಮಿಯಿಲ್ಲದ ಹೆಂಗಸಿಗೆ ಅದರಿಂದ ಸಿಗುವುದು, ಆ ಹೊಲದಲ್ಲಿ ಎರಡನೆಯ ಬೆಳೆ ಬಂದಾಗ ಇನ್ನಷ್ಟು ದಿನ ಕಳೆ ಕೀಳುವ ಕೂಲಿ.

ಇಕ್ರಿಸ್ಯಾಟ್‌ನವರು 2001ರಲ್ಲಿ ಅದೇ ಊರುಗಳಿಗೆ ಮತ್ತೆ ಹೋಗಿ ಬರೆದುಕೊಳ್ಳಲು ಶುರು ಮಾಡಿದರು.